ಮು ಜಿಯಾಂಗ್ ಒಪ್ಪದ ಶುಭಶಕುನ

ಸುಮಾರು 3,200 ವರ್ಷಗಳ ಹಿಂದೆ, ಚೀನಾದ ಈಗಿನ ಹೆನಾನ್ ಪ್ರಾಂತ್ಯದ ಆನ್‌ಯಾಂಗ್ ಬಳಿ ರಾಜಧಾನಿ ಮಾಡಿಕೊಂಡಿದ್ದ ಷಾಂಗ್ ವಂಶದ ದೊರೆ ವು ಡಿಂಗ್, ರಾಣಿ ಫು ಹಾವ್ ಅವಳ ಹೆರಿಗೆ ಸುಸೂತ್ರವಾದೀತೇ ಎಂದು ಶಕುನ ಕೇಳಿಸಿದನು. ಆಮೆಯ ಹೊಟ್ಟೆಚಿಪ್ಪಿನ ಅಥವಾ ದನದ ಹೆಗಲೆಲುಬಿನ ಒಂದು ಬದಿಯಲ್ಲಿ ಕುಳಿ ಕೊರೆದು ಕಾವು ಕೊಟ್ಟರೆ ಇನ್ನೊಂದು ಬದಿಯಲ್ಲಿ ಬಿರುಕು ಮೂಡುತ್ತಿತ್ತು. ಆ ಬಿರುಕನ್ನು ಓದಿದ ಅರಸನು ಇಂತಿಂಥ ದಿನ ಹೆತ್ತರೆ ಶುಭ ಎಂದನು. 31 ದಿನಗಳ ನಂತರ, ಅವನು ಹೇಳದಿದ್ದ ದಿನವೊಂದರಲ್ಲಿ ಹೆರಿಗೆಯಾಯಿತು. ಶುಭವಾಗಲಿಲ್ಲ, ಹುಟ್ಟಿದ್ದು ಹೆಣ್ಣು ಎಂದು ಅದೇ ಚಿಪ್ಪಿನ ಮೇಲೆ ಕೊರೆದಿದ್ದಾರೆ. ಓದುವಾಗ ಇಂದಿಗೂ ನೋವಾಗುವ ಸಾಲು ಅದು.

ಇಂತಹ ಬರಹಗಳು ಪ್ರಾಚೀನ ಲಿಪಿಯೆಂದು ವಿದ್ವಾಂಸ ವಾಂಗ್ ಯಿರಾಂಗ್ ಗುರುತಿಸಿದ್ದು 1899ರಲ್ಲಿ. ಆನ್‌ಯಾಂಗಿನಲ್ಲಿ ವ್ಯವಸ್ಥಿತ ಉತ್ಖನನ ಆರಂಭವಾದದ್ದು 1928ರಲ್ಲಿ. ಮಳೆ, ಬೆಳೆ, ಯುದ್ಧ, ಹಲ್ಲುನೋವು, ಪಿತೃಗಳಿಗೆ ಕೊಡಬೇಕಾದ ಬಲಿ ಹೀಗೆ ಎಲ್ಲದರ ಬಗೆಗೂ ಅಲ್ಲಿ ವಿಚಾರಣೆಯಿದೆ. ಆದರೆ ಕೇಳುವವನ ಗುಣ ಎಂಥದು ಎಂಬ ಮಾತು ಅಲ್ಲಿ ಏಳುವುದಿಲ್ಲ. ಏನಾಗುತ್ತದೆ, ಯಾವ ಪಿತೃವಿಗೆ ಸಿಟ್ಟು ಬಂದಿದೆ ಎಂಬುದಷ್ಟೇ ಅರಸನಿಗೆ ಬೇಕಾಗಿತ್ತು.

ಷಾಂಗರನ್ನು ಸೋಲಿಸಿದ ಜೌ ವಂಶದ ಕಾಲದಲ್ಲಿ ಇನ್ನೊಂದು ವಿಧಾನ ಗ್ರಂಥರೂಪ ಪಡೆಯಿತು. 'ಯಾರೋ' (yarrow) ಎಂಬ ಗಿಡದ 50 ಕಡ್ಡಿಗಳಲ್ಲಿ ಒಂದನ್ನು ಬದಿಗಿಟ್ಟು, ಉಳಿದ 49ನ್ನು ಎರಡು ಪಾಲು ಮಾಡಿ, ನಾಲ್ಕು ನಾಲ್ಕರಂತೆ ಎಣಿಸುತ್ತ ಹೋದರೆ 6, 7, 8, 9 ಇವುಗಳಲ್ಲೊಂದು ಸಂಖ್ಯೆ ಸಿಗುತ್ತದೆ. ಅದರಿಂದ ಇಡಿಯಾದ ಅಥವಾ ನಡುವೆ ತುಂಡಾದ ಒಂದು ಗೆರೆ ಹುಟ್ಟುತ್ತದೆ. ಇಂತಹ ಆರು ಗೆರೆಗಳು ಸೇರಿ ಒಂದು ಆಕೃತಿ. ಒಟ್ಟು 64 ಆಕೃತಿಗಳು. 6 ಮತ್ತು 9 ಬಂದ ಗೆರೆಗಳು ತಿರುಗಿಬಿದ್ದು ಇನ್ನೊಂದು ಆಕೃತಿಯನ್ನು ತೋರಿಸುತ್ತವೆ. ಪ್ರತಿ ಆಕೃತಿಗೂ ಪ್ರತಿ ಗೆರೆಗೂ ಒಗಟಿನಂತಹ ಕಿರುವಾಕ್ಯಗಳಿರುವ ಈ ಗ್ರಂಥವೇ ಮುಂದೆ 'ಯಿ ಜಿಂಗ್', ಅಂದರೆ 'ಬದಲಾವಣೆಗಳ ಗ್ರಂಥ' ಎಂದು ಹೆಸರಾಯಿತು.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 'ಜುವೋ ಜುವಾನ್' ಎಂಬ ಚರಿತ್ರೆ ಕ್ರಿ.ಪೂ. 564ರ ವರ್ಷದ ಅಡಿಯಲ್ಲಿ ಹೇಳುವ ಪ್ರಸಂಗ. ಲು ರಾಜ್ಯದ ರಾಜಮಾತೆ ಮು ಜಿಯಾಂಗ್ ತನ್ನ ಪ್ರಿಯಕರನೊಡನೆ ಸೇರಿ ಸಂಚು ಮಾಡಿದ್ದಕ್ಕಾಗಿ ಪೂರ್ವದ ಅರಮನೆಯಲ್ಲಿ ಬಂಧಿಯಾಗಿದ್ದಳು. ಅಲ್ಲಿಗೆ ಹೋದ ಹೊಸತರಲ್ಲಿ ಶಕುನ ಕೇಳಿದಾಗ 'ಸುಯಿ', ಅಂದರೆ ಅನುಸರಣೆ ಎಂಬ ಆಕೃತಿ ದೊರೆತಿತ್ತು. ಇದು ಹೊರಬರುವ ಸೂಚನೆ, ನೀವು ಬೇಗ ಬಿಡುಗಡೆಯಾಗುತ್ತೀರಿ ಎಂದು ಶಕುನಿಗನು ಹೇಳಿದನು. ಆಕೆ ಒಪ್ಪಲಿಲ್ಲ. ಈ ಆಕೃತಿಯ ವಾಕ್ಯದಲ್ಲಿರುವ ನಾಲ್ಕು ಸದ್ಗುಣಗಳು ಇರುವವರಿಗೆ ಮಾತ್ರ ದೋಷವಿಲ್ಲವೆಂಬ ಫಲ ಸಲ್ಲುತ್ತದೆ. ಕೆಡುಕನ್ನು ಆರಿಸಿಕೊಂಡ ನನ್ನಲ್ಲಿ ಅವುಗಳಲ್ಲಿ ಒಂದೂ ಇಲ್ಲ. ನಾನು ಇಲ್ಲಿಯೇ ಸಾಯುವೆನು ಎಂಬುದು ಆಕೆಯ ಮಾತಿನ ಸಾರ. ಹಾಗೆಯೇ ಆಯಿತು. ಶುಭವಾಕ್ಯವನ್ನು ಕನ್ನಡಿಯಂತೆ ಹಿಡಿದು ತನ್ನ ನಡತೆಯನ್ನು ತಾನೇ ತೂಗಿ ನೋಡಿದ ಈ ಕ್ಷಣದಲ್ಲಿ ಶಕುನವು ಆತ್ಮಪರೀಕ್ಷೆಯಾಗಿ ಮಾರ್ಪಟ್ಟಿರುವುದು ಸ್ಪಷ್ಟವಾಗಿದೆ. ಯಿ ಜಿಂಗನ್ನು ಅಂತರಂಗದ ಅವಲೋಕನಕ್ಕೆ ಬಳಸುವುದು ಇಪ್ಪತ್ತನೆಯ ಶತಮಾನದ ಯುರೋಪಿನ ಕೊಡುಗೆ ಎಂದು ಭಾವಿಸುವವರು ಈ ರಾಜಮಾತೆಯನ್ನು ನೆನೆಯಬೇಕು.

ಮುಂದಿನ ಚಿಂತಕರು ಇದೇ ದಾರಿಯಲ್ಲಿ ನಡೆದರು. ಯಿಯನ್ನು ಚೆನ್ನಾಗಿ ಬಲ್ಲವನು ಶಕುನ ಕೇಳುವುದಿಲ್ಲ ಎಂದು ಕ್ರಿ.ಪೂ. ಮೂರನೆಯ ಶತಮಾನದ ಕ್ಸುನ್‌ಜಿ ಹೇಳಿದನು. ಕನ್‌ಫ್ಯೂಷಿಯಸ್‌ನ ಹೆಸರಿಗೆ ಅಂಟಿಕೊಂಡಿರುವ 'ಹತ್ತು ರೆಕ್ಕೆಗಳು' ಎಂಬ ವ್ಯಾಖ್ಯಾನಗಳು ಗೆರೆಗಳಿಗೆ ನೀತಿಯ ಅರ್ಥ ಕೊಟ್ಟವು, ಮತ್ತು ಕ್ರಿ.ಪೂ. 136ರಲ್ಲಿ ಹಾನ್ ಚಕ್ರವರ್ತಿ ವು ಈ ಗ್ರಂಥವನ್ನು ರಾಜಮಾನ್ಯ ಶಾಸ್ತ್ರಗಳ ಸಾಲಿಗೆ ಸೇರಿಸಿದನು. ಆದರೆ ಹನ್ನೆರಡನೆಯ ಶತಮಾನದ ಜು ಷಿ, ಇದು ಮೂಲತಃ ಶಕುನದ ಗ್ರಂಥವೇ ಎಂಬುದನ್ನು ಮರೆಯಬಾರದೆಂದು ಎಚ್ಚರಿಸಿ, ಶುದ್ಧವಾದ ಕೋಣೆ, ಧೂಪ, ಕಡ್ಡಿಗಳನ್ನು ಇಡುವ ಮೇಜು ಇತ್ಯಾದಿ ವಿಧಿಗಳನ್ನು ಬರೆದಿಟ್ಟನು. ಕೇಳುವವನು ತನ್ನ ಹೆಸರನ್ನೂ ತನ್ನನ್ನು ಕಾಡುತ್ತಿರುವ ಸಂಗತಿಯನ್ನೂ ಬಾಯಿಬಿಟ್ಟು ಹೇಳಬೇಕೆಂಬುದು ಆ ವಿಧಿಯ ಭಾಗ.

ಪಶ್ಚಿಮಕ್ಕೆ ಈ ಗ್ರಂಥವನ್ನು ಆಪ್ತವಾಗಿಸಿದ್ದು ರಿಚರ್ಡ್ ವಿಲ್‌ಹೆಲ್ಮ್ ಅವರ 1924ರ ಜರ್ಮನ್ ಅನುವಾದ. 1950ರಲ್ಲಿ ಅದರ ಇಂಗ್ಲಿಷ್ ರೂಪ ಬಂದಾಗ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಮುನ್ನುಡಿ ಬರೆದರು. ಕಾರಣ-ಪರಿಣಾಮದ ಸಂಬಂಧವಿಲ್ಲದ ಎರಡು ಘಟನೆಗಳು ಅರ್ಥದಿಂದ ಕೂಡಿಕೊಳ್ಳಬಹುದೆಂಬ ಅವರ ವಾದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ, ಅದನ್ನು ಒಪ್ಪುವ ಅಗತ್ಯವೂ ಇಲ್ಲ. ಕಡ್ಡಿಗಳಿಗೆ ನಾಳೆಯ ಅರಿವಿಲ್ಲ ಎಂದು ನಂಬಿದವನಿಗೂ, ಎಂದೂ ಯೋಚಿಸದ ಒಂದು ವಾಕ್ಯ ಎದುರಿಗೆ ಬಂದಾಗ ತನ್ನ ಸಮಸ್ಯೆಯನ್ನು ಬೇರೊಂದು ಮಗ್ಗುಲಿನಿಂದ ನೋಡುವ ಅವಕಾಶ ಸಿಗುತ್ತದೆ.

ಈಗ ಬಹುತೇಕರು ಮೂರು ನಾಣ್ಯಗಳನ್ನು ಆರು ಬಾರಿ ಎಸೆಯುತ್ತಾರೆ. ಎರಡು ನಿಮಿಷದ ಕೆಲಸ. ಕಡ್ಡಿಗಳ ವಿಧಾನದಲ್ಲಿ ಒಂದೊಂದು ಗೆರೆಗೂ ಮೂರು ಬಾರಿ ಪಾಲು ಮಾಡಬೇಕು, ಒಟ್ಟು 18 ಬಾರಿ. ಆತ್ಮಾವಲೋಕನಕ್ಕಾಗಿ ಕೂರುವವರಿಗೆ ನಾನು ಕಡ್ಡಿಗಳನ್ನೇ ಸೂಚಿಸುವೆ. ಕೈಗಳು ಎಣಿಸುತ್ತಿರುವ ಅಷ್ಟು ಹೊತ್ತು ಪ್ರಶ್ನೆಯು ಮನಸ್ಸಿನಲ್ಲಿ ಉಳಿದಿರುತ್ತದೆ, ಕೆಲವೊಮ್ಮೆ ಆರನೆಯ ಗೆರೆ ಮೂಡುವ ಮೊದಲೇ ಅದು ಬೇರೊಂದು ಪ್ರಶ್ನೆಯಾಗಿರುತ್ತದೆ.