‘ಮುಂದಿನ ತಾರೀಕು’ ಖಾಲಿ ಇದ್ದರೆ ಎಐ ಏನು ಮಾಡೀತು?

ಸಿಂಧನೂರಿನ ಕೃಷಿ ಯಂತ್ರದ ಅಂಗಡಿಯವರು, ಗಂಗಾವತಿಯಲ್ಲಿ ರೈಸ್‌ಮಿಲ್ ಬಿಡಿಭಾಗ ಮಾರುವವರು, ಬಳ್ಳಾರಿಯ ಜೀನ್ಸ್ ತಯಾರಕರು. ನನಗೆ ಕೆಲಸ ಕೊಡುವವರು ಹೆಚ್ಚಾಗಿ ಇವರೇ. ಡೈರಿಯಲ್ಲಿ, ಎಕ್ಸೆಲ್ ಶೀಟಿನಲ್ಲಿ, ಮಾಲೀಕರ ತಲೆಯಲ್ಲಿ ಇರುವ ಗಿರಾಕಿ ಪಟ್ಟಿಯನ್ನು ಸಿಆರ್‌ಎಂ (ಗಿರಾಕಿಗಳ ಜೊತೆಗಿನ ವ್ಯವಹಾರದ ದಾಖಲೆ ಇಡುವ) ಸಾಫ್ಟ್‌ವೇರ್‌ಗೆ ಹಾಕಿಕೊಡುವುದು, ಆಮೇಲೆ ಸೇಲ್ಸ್ ಹುಡುಗರಿಗೆ ಕಲಿಸುವುದು ನನ್ನ ಕಸುಬು. ಇತ್ತೀಚೆಗೆ ಎಲ್ಲರೂ ಕೇಳುವುದು ಒಂದೇ. "ಸಾರ್, ಹೊಸದ್ರಾಗ ಎಐ ಬಂದೈತಂತಲ್ರಿ, ಹಾಕಿಸ್ಕೊಂಡ್ರ ವ್ಯಾಪಾರ ಜಾಸ್ತಿ ಆಗ್ತೈತೇನ್ರಿ?"

ಉತ್ತರ ಕೊಡುವ ಮೊದಲು ನಾನು ಅವರ ಕಂಪ್ಯೂಟರ್‌ನಲ್ಲೇ ಒಂದು ಫಿಲ್ಟರ್ ಹಾಕಿ ತೋರಿಸುತ್ತೇನೆ. ಇನ್ನೂ ಮುಗಿಯದ ಎನ್‌ಕ್ವೈರಿಗಳಲ್ಲಿ ‘ಮುಂದಿನ ತಾರೀಕು’, ಅಂದರೆ ಮತ್ತೆ ಮಾತಾಡಬೇಕಾದ ದಿನ, ಖಾಲಿ ಇರುವುದು ಎಷ್ಟು? ಸಾಮಾನ್ಯವಾಗಿ ಪಟ್ಟಿ ಕೆಳಗಿಳಿಯುತ್ತಲೇ ಹೋಗುತ್ತದೆ.

ಸಿಆರ್‌ಎಂ ಅಂದರೆ ದೊಡ್ಡ ವಿದ್ಯೆಯೇನಲ್ಲ. ಯಾರು ಕೇಳಿದರು, ಏನು ಕೇಳಿದರು, ನಾವು ಏನು ಹೇಳಿದೆವು, ಮತ್ತೆ ಯಾವತ್ತು ಮಾತಾಡಬೇಕು. ಮೊದಲ ಮೂರನ್ನು ಹುಡುಗರು ಹೇಗೋ ಬರೆಯುತ್ತಾರೆ. ನಾಲ್ಕನೆಯದನ್ನು ಬಿಡುತ್ತಾರೆ. ದುಡ್ಡು ಇರುವುದು ಅದರಲ್ಲೇ. ಹೊಸ ಫೀಚರ್ ಯಾವುದೇ ಬರಲಿ, ನಾನು ಅದನ್ನು ಅಳೆಯುವುದು ಇದೇ ಲೆಕ್ಕದಲ್ಲಿ: ಸರಿಯಾದ ದಿನ ಸರಿಯಾದ ಮನುಷ್ಯನಿಗೆ ಫೋನ್ ಹೋಗುವಂತೆ ಮಾಡುತ್ತದೆಯೋ ಇಲ್ಲವೋ?

ಒಂದು ಟ್ರ್ಯಾಕ್ಟರ್ ಶೋರೂಂನ ದಾಖಲೆ ನೋಡಿ. ಗಿರಾಕಿ ಕೇಳಿದ್ದು ರೋಟವೇಟರ್, ಟ್ರ್ಯಾಕ್ಟರ್ ಹಿಂದೆ ಜೋಡಿಸಿ ಮಣ್ಣು ಪುಡಿ ಮಾಡುವ ಯಂತ್ರ. "ರೋಟವೇಟರ್ ಬೇಕಂತೆ. 6 ಅಡಿ. ರೇಟ್ ಹೇಳಿದೀನಿ. ಸುಗ್ಗಿ ಆದ್ಮೇಲೆ ಬರ್ತಾರಂತೆ." ಅಷ್ಟೇ. ಸುಗ್ಗಿ ಅಂದರೆ ಯಾವತ್ತು? ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತ ಹಾಕಿದವರಿಗೆ ಮುಂಗಾರು ಬೆಳೆ ಕೊಯ್ಲಿಗೆ ಬರುವುದು ನವೆಂಬರ್-ಡಿಸೆಂಬರ್‌ನಲ್ಲಿ. ಬೇಸಿಗೆ ಬೆಳೆಗೂ ನೀರು ಬಿಟ್ಟರೆ ಏಪ್ರಿಲ್ ಸುಮಾರಿಗೆ ಇನ್ನೊಂದು ಸುಗ್ಗಿ. ಹತ್ತಿ ಹಾಕಿದವರು ತಿಂಗಳುಗಟ್ಟಲೆ ಬಿಡಿಸುತ್ತಲೇ ಇರುತ್ತಾರೆ, ದುಡ್ಡೂ ಕಂತು ಕಂತಾಗಿ ಬರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಖುಷ್ಕಿ (ಮಳೆ ನಂಬಿದ) ಹೊಲದವರ ಕಡಲೆ, ಬಿಳಿಜೋಳದ ಲೆಕ್ಕವೇ ಬೇರೆ. ಇನ್ನೊಂದು ವಿಷಯ. ಕೊಯ್ಲು ಆದ ದಿನವೇ ಕೈಗೆ ದುಡ್ಡು ಬರುವುದಿಲ್ಲ. ಭತ್ತ ಒಣಗಬೇಕು, ದರ ನೋಡಬೇಕು, ಮಿಲ್ಲಿನವರು ಪೇಮೆಂಟ್ ಕೊಡಬೇಕು. ಕೊಯ್ಲು ನಡೆಯುವಾಗಲೇ ಫೋನ್ ಮಾಡಿದರೆ "ಆಮೇಲೆ ಮಾಡಪ್ಪ" ಅಂತಾರೆ. ತಡವಾಗಿ ಮಾಡಿದರೆ ಪಕ್ಕದ ಶೋರೂಂನವರ ರೋಟವೇಟರ್ ಆಗಲೇ ಹೊಲದಲ್ಲಿರುತ್ತದೆ.

ಹಾಗಾಗಿ ನಾನು ಮೊದಲು ಸೇರಿಸುವುದು ಎರಡು ಕಾಲಂ. ಒಂದು ಬೆಳೆ. ಇನ್ನೊಂದು ನೀರು: ಕಾಲುವೆ ಮೇಲ್ಭಾಗ, ಕಾಲುವೆ ಕೊನೆಭಾಗ, ಬೋರ್‌ವೆಲ್, ಖುಷ್ಕಿ. ಎರಡನ್ನೂ ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವ ಹಾಗೆ ಇಡಿ. ಆಮೇಲೆ ಒಂದು ನಿಯಮ ಬರೆಯಿರಿ. ಇದಕ್ಕೆ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ವರ್ಕ್‌ಫ್ಲೋ ಅಂತ ಹೆಸರು. ಬೆಳೆ ಭತ್ತ, ಕಾರಣ ‘ಸುಗ್ಗಿ ಆದ ಮೇಲೆ’ ಎಂದಿದ್ದರೆ ಮುಂದಿನ ತಾರೀಕು ತಾನಾಗಿಯೇ ಡಿಸೆಂಬರ್ ಎರಡನೇ ವಾರಕ್ಕೆ ಕೂರಲಿ. ಹುಡುಗ ಬೇಕಾದರೆ ಬದಲಾಯಿಸಲಿ, ಖಾಲಿ ಮಾತ್ರ ಬಿಡುವ ಹಾಗಿಲ್ಲ. ತಾರೀಕು ಇಲ್ಲದೆ ಸೇವ್ ಬಟನ್ ಒತ್ತಿದರೆ ಒಪ್ಪಿಕೊಳ್ಳದಂತೆ ಮಾಡುವುದು ಅಷ್ಟೇನೂ ಕಷ್ಟವಿಲ್ಲ. ಇದೊಂದನ್ನು ಮಾಡಿದರೆ ಮೊದಲ ವಾರ ಹುಡುಗರು ನಿಮ್ಮನ್ನು ಬೈಯುತ್ತಾರೆ. ಬೈಯಲಿ ಬಿಡಿ.

ನೀರಿನ ಕಾಲಂ ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದು 2024ರ ಆಗಸ್ಟ್‌ನಲ್ಲಿ ಗೊತ್ತಾಯಿತು. 10ನೇ ತಾರೀಕು ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕಾಲುವೆಗೆ ನೀರು ಎಷ್ಟು ದಿನ ಬರುತ್ತದೋ ಯಾರಿಗೂ ಖಾತ್ರಿ ಇರಲಿಲ್ಲ. ಅಂಥ ವಾರದಲ್ಲಿ ರೈತರಿಗೆ "ಅಣ್ಣಾ, ಬುಕಿಂಗ್ ಮಾಡ್ತೀರಾ?" ಅಂತ ಫೋನ್ ಮಾಡಿದರೆ ಗಿರಾಕಿ ಶಾಶ್ವತವಾಗಿ ದೂರ. ನಾನು ನೋಡಿಕೊಳ್ಳುವ ಒಂದು ಅಂಗಡಿಯಲ್ಲಿ ಕಾಲುವೆಯವರನ್ನಷ್ಟೇ ಫಿಲ್ಟರ್ ಮಾಡಿ, ಎಲ್ಲರ ತಾರೀಕನ್ನೂ ಒಂದೇ ಸಲ ಮುಂದಕ್ಕೆ ಹಾಕಿದರು. ಒಂದೊಂದನ್ನೇ ತೆರೆದು ಬದಲಾಯಿಸಬೇಕಿಲ್ಲ, ಇದಕ್ಕೆ ಮಾಸ್ ಅಪ್‌ಡೇಟ್ ಅನ್ನುವ ಸೌಲಭ್ಯವಿದೆ. ಬೋರ್‌ವೆಲ್‌ನವರಿಗೆ, ಖುಷ್ಕಿಯವರಿಗೆ ಎಂದಿನಂತೆ ಫೋನ್ ಹೋಯಿತು. ಒಂದು ವಾರದ ಹೊತ್ತಿಗೆ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಇಳಿಸಿ ನೀರು ನಿಲ್ಲಿಸಿದರು, ಮಳೆ ಬಂದು ಅಣೆಕಟ್ಟು ಮತ್ತೆ ತುಂಬಿತು. ಮುಂದಕ್ಕೆ ಹಾಕಿದ ಪಟ್ಟಿ ರೆಡಿಯಾಗಿಯೇ ಇತ್ತು.

ಇನ್ನು ಪಟ್ಟಿಯ ಕೊಳೆ ತೊಳೆಯುವ ಮಾತು. ಬೇಜಾರಿನ ಕೆಲಸ, ಯಾರಿಗೂ ಇಷ್ಟವಿಲ್ಲ. ಆದರೆ ಒಬ್ಬನೇ ಗಿರಾಕಿ ಮೂರು ಹೆಸರಲ್ಲಿ ಕೂತಿದ್ದರೆ ಮೂವರು ಹುಡುಗರು ಅವನಿಗೆ ಮೂರು ರೇಟ್ ಹೇಳುತ್ತಾರೆ. ನಮ್ಮ ಕಡೆ ಇದಕ್ಕೆ ವಿಶೇಷ ಕಾರಣಗಳಿವೆ. 2014ರ ನವೆಂಬರ್‌ನಲ್ಲಿ ಬಳ್ಳಾರಿ ಊರಿನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ‘Bellary’ಯಿಂದ ‘Ballari’ಗೆ ಬದಲಾಯಿತು. ಹಳೆ ಪಟ್ಟಿಯಲ್ಲಿ ಎರಡೂ ಇವೆ. ರಿಪೋರ್ಟ್ ತೆಗೆದರೆ ಎರಡು ಊರು ಬರುತ್ತವೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದಕ್ಕೂ ಮೊದಲು ಸೇರಿಸಿದ ಹೊಸಪೇಟೆಯ ಗಿರಾಕಿಗಳೆಲ್ಲ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಕೂತಿರುತ್ತಾರೆ. ಜಿಲ್ಲೆಯ ಹೆಸರು ನಂಬಬೇಡಿ, ಪಿನ್ ಕೋಡ್ ನಂಬಿ. 583101 ಅಂದರೆ ಬಳ್ಳಾರಿ, 583201 ಹೊಸಪೇಟೆ, 584101 ರಾಯಚೂರು. ಪಿನ್ ಹಾಕಿದರೆ ಜಿಲ್ಲೆ, ತಾಲೂಕು ತಾನೇ ತುಂಬಿಕೊಳ್ಳುವ ಹಾಗೆ ಮಾಡಬಹುದು.

ಹೆಸರಿನದು ಇನ್ನೂ ದೊಡ್ಡ ರಗಳೆ. ಬಸವರಾಜ ಎನ್ನುವ ಹೆಸರನ್ನು ಇಂಗ್ಲಿಷ್‌ನಲ್ಲಿ ಎಷ್ಟು ಥರ ಬರೆಯಬಹುದು ಎಂದು ತಿಳಿಯಬೇಕಾದರೆ ಯಾವುದಾದರೂ ಶೋರೂಂನ ಎಕ್ಸೆಲ್ ತೆರೆಯಿರಿ. ಡೂಪ್ಲಿಕೇಟ್ ಹುಡುಕುವ ಸೌಲಭ್ಯಕ್ಕೆ ಹೆಸರು ಕೊಡಬೇಡಿ, ಮೊಬೈಲ್ ನಂಬರ್ ಕೊಡಿ. ಅದಕ್ಕೂ ಮೊದಲು ನಂಬರಿನ ಮುಂದಿನ 0, 91 ಎಲ್ಲ ತೆಗೆದು 10 ಅಂಕಿಗೆ ತನ್ನಿ. ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಡಿ. ಇಲ್ಲವಾದರೆ 91 ಸೇರಿದ 12 ಅಂಕಿಯ ನಂಬರು 9.19 ಎಂದು ಶುರುವಾಗಿ ಏನೋ ಆಗಿಬಿಡುತ್ತದೆ, ಇಂಪೋರ್ಟ್ ಆದ ಮೇಲೆ ಹಿಂದಕ್ಕೆ ತರಲು ಬರುವುದಿಲ್ಲ. ಹಳೆ ಪಟ್ಟಿಯನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ. ಹಾಗೇ ಹಾಕಿದರೆ ಪರದೆ ಮೇಲೆ ಬರೀ ಚಿತ್ರವಿಚಿತ್ರ ಅಕ್ಷರ. ಮತ್ತೊಂದು ಎಚ್ಚರಿಕೆ: ಹಳ್ಳಿಯಲ್ಲಿ ಅಪ್ಪ-ಮಗ ಇಬ್ಬರೂ ಒಂದೇ ನಂಬರ್ ಕೊಟ್ಟಿರುತ್ತಾರೆ. ಕಣ್ಣುಮುಚ್ಚಿ ಮರ್ಜ್ ಒತ್ತಿದರೆ ಅಪ್ಪನ ಟ್ರ್ಯಾಕ್ಟರ್ ಮಗನ ಹೆಸರಿಗೆ ಹೋಗುತ್ತದೆ.

ಮಿಲ್ಲು, ಜೀನ್ಸ್ ವ್ಯಾಪಾರಿಗಳಂಥ ಪಾರ್ಟಿಗಳಾದರೆ ಜಿಎಸ್‌ಟಿ ನಂಬರ್ ಸಾಕು. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು: ಕರ್ನಾಟಕ 29, ತೆಲಂಗಾಣ 36, ಆಂಧ್ರ 37. ಅಲ್ಲಿಂದ ಮುಂದಿನ ಹತ್ತು ಪ್ಯಾನ್ ನಂಬರ್. ರಾಯಚೂರಿನಲ್ಲಿ ಒಂದು, ಕರ್ನೂಲಿನಲ್ಲಿ ಒಂದು ಅಂಗಡಿ ಇಟ್ಟುಕೊಂಡ ಪಾರ್ಟಿ ಎರಡು ಹೆಸರಲ್ಲಿ ಉದ್ರಿ ತೆಗೆದುಕೊಳ್ಳುತ್ತಿದ್ದರೆ ಆ ಹತ್ತು ಅಕ್ಷರ ಹೇಳಿಬಿಡುತ್ತದೆ.

ವಾಟ್ಸ್‌ಆ್ಯಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಗಿರಾಕಿ ಇರುವುದು ಅಲ್ಲೇ. ಇಮೇಲ್ ಕಳಿಸಿ ರೋಟವೇಟರ್ ಮಾರಿದವರನ್ನು ನಾನಂತೂ ನೋಡಿಲ್ಲ. ಮೂರ್ನಾಲ್ಕು ಜನರ ಅಂಗಡಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಾಕು. ಲೇಬಲ್ ಹಾಕಿ, ಸಿದ್ಧ ಉತ್ತರ ಇಟ್ಟುಕೊಳ್ಳಿ, ಮುಗಿಯಿತು. ಅದಕ್ಕಿಂತ ದೊಡ್ಡದಾದರೆ ಸಿಆರ್‌ಎಂಗೆ ಜೋಡಿಸುವ ವಾಟ್ಸ್‌ಆ್ಯಪ್ ಬಿಸಿನೆಸ್ ಪ್ಲಾಟ್‌ಫಾರ್ಮ್ ಬೇಕಾಗುತ್ತದೆ. ಅಲ್ಲಿ ನಿಯಮಗಳಿವೆ. ಗಿರಾಕಿ ತಾನಾಗಿ ಮೆಸೇಜ್ ಮಾಡಿದರೆ 24 ಗಂಟೆ ನೀವು ಏನು ಬೇಕಾದರೂ ಉತ್ತರ ಬರೆಯಬಹುದು, ಅದಕ್ಕೆ ವಾಟ್ಸ್‌ಆ್ಯಪ್ ದುಡ್ಡು ಕೇಳುವುದಿಲ್ಲ. ಆ 24 ಗಂಟೆ ದಾಟಿದರೆ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಮೆಸೇಜ್, ಅಂದರೆ ಟೆಂಪ್ಲೇಟ್ ಮಾತ್ರ ಹೋಗುತ್ತದೆ. 2025ರ ಜುಲೈಯಿಂದ ಟೆಂಪ್ಲೇಟ್‌ಗೆ ಮೆಸೇಜ್ ಲೆಕ್ಕದಲ್ಲಿ ದರ. ಆಫರ್, ಜಾಹೀರಾತಿನ ಟೆಂಪ್ಲೇಟ್‌ಗೆ ಜಾಸ್ತಿ, ಬಿಲ್ಲು, ಡೆಲಿವರಿ ಸುದ್ದಿಯಂಥವಕ್ಕೆ ಕಡಿಮೆ.

ಇದರಿಂದ ಒಂದು ಉಪಾಯ ಹುಟ್ಟುತ್ತದೆ. ಗಿರಾಕಿಯೇ ಮೊದಲು ಮೆಸೇಜ್ ಮಾಡುವಂತೆ ಮಾಡಿ. ಕೌಂಟರ್ ಮೇಲೆ, ಡೆಮೊ ಕೊಡಲು ಹೊಲಕ್ಕೆ ಹೋದಾಗ ಟ್ರ್ಯಾಕ್ಟರ್‌ನ ಬಾನೆಟ್ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿ. "ರೇಟ್ ಬೇಕಾದ್ರೆ ಇದನ್ನ ಸ್ಕ್ಯಾನ್ ಮಾಡ್ರಿ ಕಾಕಾ" ಅಂದರೆ ಆಯಿತು. ಅವರ ನಂಬರ್ ಸರಿಯಾಗಿ ಬಂತು, ಮಾತಾಡಲು ಅವರೇ ಶುರು ಮಾಡಿದರು, ಕೊಟೇಶನ್ ಪುಕ್ಕಟೆ ಹೋಯಿತು. ಹಬ್ಬಕ್ಕೊಮ್ಮೆ ಪಟ್ಟಿಯಲ್ಲಿರುವ ಎಲ್ಲರಿಗೂ ಶುಭಾಶಯ ಕಳಿಸುವ ಚಟ ಮಾತ್ರ ಬಿಡಿ. ದುಡ್ಡೂ ದಂಡ, ಜನ ಬ್ಲಾಕ್ ಮಾಡಿದರೆ ನಿಮ್ಮ ನಂಬರಿನ ರೇಟಿಂಗೂ ಬೀಳುತ್ತದೆ. ಎಸ್‌ಎಂಎಸ್ ಕಳಿಸುವವರು ನೆನಪಿಡಿ, ಇಂಗ್ಲಿಷ್‌ನಲ್ಲಿ ಒಂದು ಮೆಸೇಜಿಗೆ 160 ಅಕ್ಷರವಾದರೆ ಕನ್ನಡದಲ್ಲಿ 70. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಸುತ್ತಾರೆ. ಡಿಎಲ್‌ಟಿಯಲ್ಲಿ (ವ್ಯಾಪಾರದ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆ) ನೋಂದಾಯಿಸದ ಟೆಂಪ್ಲೇಟ್ ಹೋಗುವುದೇ ಇಲ್ಲ.

ಈಗ ಎಐಗೆ ಬರೋಣ. ಸಿಆರ್‌ಎಂ ಕಂಪನಿಗಳು ತಮ್ಮ ತಮ್ಮ ಎಐಗೆ ಒಂದೊಂದು ಹೆಸರಿಟ್ಟಿವೆ: ಜೋಹೊದಲ್ಲಿ ಜಿಯಾ, ಸೇಲ್ಸ್‌ಫೋರ್ಸ್‌ನಲ್ಲಿ ಐನ್‌ಸ್ಟೈನ್, ಈಗ ಏಜೆಂಟ್‌ಫೋರ್ಸ್, ಹಬ್‌ಸ್ಪಾಟ್‌ನಲ್ಲಿ ಬ್ರೀಜ್. ಎಲ್ಲರೂ ಹೆಚ್ಚುಕಡಿಮೆ ಇಂಥದನ್ನೇ ಹೇಳುತ್ತಾರೆ: ಯಾವ ಗಿರಾಕಿ ಕೊಳ್ಳುವ ಸಾಧ್ಯತೆ ಜಾಸ್ತಿ ಎಂದು ಅಂಕ ಕೊಡುತ್ತೇವೆ, ಮಾತುಕತೆಯ ಸಾರಾಂಶ ಬರೆಯುತ್ತೇವೆ, ಉತ್ತರ ಬರೆದುಕೊಡುತ್ತೇವೆ. ಅಂಕ ಕೊಡುವುದನ್ನೇ ನೋಡಿ. ರೆಡಿಮೇಡ್ ಲೆಕ್ಕದಲ್ಲಿ ಇಮೇಲ್ ತೆರೆದರೆ ಇಷ್ಟು, ವೆಬ್‌ಸೈಟ್ ನೋಡಿದರೆ ಇಷ್ಟು ಎಂದಿರುತ್ತದೆ. ಕಾರಟಗಿಯ ರೈತ ಎರಡನ್ನೂ ಮಾಡುವುದಿಲ್ಲ. ಹಾಗಾಗಿ ನಾಳೆ ದುಡ್ಡು ಕಟ್ಟುವವನಿಗೆ ಸೊನ್ನೆ, ಸುಮ್ನೆ ವೆಬ್‌ಸೈಟ್ ನೋಡಿದ ಕಾಲೇಜು ಹುಡುಗನಿಗೆ ತೊಂಬತ್ತು. ಅಂಕದ ನಿಯಮವನ್ನು ನೀವೇ ಬರೆಯಿರಿ. ಹಳೆ ಟ್ರ್ಯಾಕ್ಟರ್ ಎಕ್ಸ್‌ಚೇಂಜ್‌ಗೆ ತೋರಿಸಿದ್ದಾರಾ? ಸಾಲಕ್ಕೆ ಪಹಣಿ ತಂದುಕೊಟ್ಟಿದ್ದಾರಾ? ಡೆಮೊ ನೋಡುವಾಗ ಮನೆಯವರೂ ಬಂದಿದ್ದರಾ? ಪಹಣಿ ಕೈಗೆ ಬಂತು ಅಂದರೆ ವ್ಯಾಪಾರ ಮುಕ್ಕಾಲು ಆದ ಹಾಗೆ, ಇದು ಯಾವ ಶೋರೂಂ ಮ್ಯಾನೇಜರ್‌ಗಾದರೂ ಗೊತ್ತು. ಗೊತ್ತಿರುವುದನ್ನು ಕಾಲಂ ಮಾಡಿ ಕೊಡದೆ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು?

ನನಗೆ ನಿಜವಾಗಿ ಇಷ್ಟವಾದ ಹೊಸ ಸೌಲಭ್ಯ ಮಾತಾಡಿದ್ದನ್ನು ಬರಹ ಮಾಡುವುದು. ಹಳ್ಳಿಯಿಂದ ಬೈಕಿನಲ್ಲಿ ವಾಪಸ್ ಬರುವ ಹುಡುಗ ಟೈಪ್ ಮಾಡುವುದಿಲ್ಲ, ಆದರೆ ಗಾಡಿ ನಿಲ್ಲಿಸಿ ಅರ್ಧ ನಿಮಿಷ ಮಾತಾಡುತ್ತಾನೆ. ಸಮಸ್ಯೆ ಎಂದರೆ ನಮ್ಮ ಕನ್ನಡದ ನಡುವೆ ತೆಲುಗು, ಉರ್ದು ಬರುತ್ತಿರುತ್ತದೆ. ಸಾರಾಂಶ ಪರವಾಗಿಲ್ಲ ಅನ್ನುವಂತೆ ಬಂದರೂ ತಾರೀಕಿನಲ್ಲಿ ಎಡವುತ್ತದೆ. "ಅಮಾಸಿ ಆದ ಮ್ಯಾಲೆ", "ಆಷಾಢ ಕಳೀಲಿ" ಅಂದರೆ ಅದಕ್ಕೆ ಏನು ತಿಳಿದೀತು? ಆದ್ದರಿಂದ ವಿವರವನ್ನು ಮಾತಿನಲ್ಲಿ ಹೇಳಲಿ, ತಾರೀಕನ್ನು ಮಾತ್ರ ಕ್ಯಾಲೆಂಡರ್‌ನಲ್ಲಿ ಕೈಯಿಂದಲೇ ಒತ್ತಲಿ.

ಜೀನ್ಸ್‌ನವರ ಕಷ್ಟ ಬೇರೆ. ಅವರಿಗೆ ಆರ್ಡರ್ ಬರುತ್ತದೆ, ದುಡ್ಡು ಬರುವುದಿಲ್ಲ. ಅವರ ಸಿಆರ್‌ಎಂನಲ್ಲಿ ಮುಂದಿನ ತಾರೀಕು ಅಂದರೆ ವಸೂಲಿ ತಾರೀಕು. ಉದ್ಯಮ್ (ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆ) ನೋಂದಣಿ ಇರುವ ಅತಿ ಸಣ್ಣ, ಸಣ್ಣ ತಯಾರಕರಿಗೆ ಕಾನೂನಿನಲ್ಲಿ ಒಂದು ಹಿಡಿತ ಇದೆ. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಂಡವರು ಹಣ ಕೊಡಬೇಕು. 2023ರ ಬಜೆಟ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗಡುವು ದಾಟಿದರೆ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಅವರು ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸಬಹುದು. ಹಾಗಾಗಿ 45 ದಿನದ ಒಪ್ಪಂದವಿದ್ದರೆ ಮಾಲು ತಲುಪಿದ ದಿನದಿಂದ ಎಣಿಸಿ 30ನೇ ದಿನ ಒಂದು, 40ನೇ ದಿನ ಒಂದು ಫೋನ್ ತಾನಾಗಿ ನಿಮ್ಮ ಪಟ್ಟಿಗೆ ಬೀಳುವಂತೆ ಇಡಿ. ಮಾರ್ಚ್ ತಿಂಗಳಲ್ಲಿ ಈ ಮಾತು ಬೇಗ ನಾಟುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಬಾಕಿ ಲೆಕ್ಕವನ್ನು ಸಿಆರ್‌ಎಂಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಹಳೆ ಬಾಕಿ ಕಣ್ಣೆದುರು ಕಂಡರೆ ಸೇಲ್ಸ್ ಹುಡುಗ ಹೊಸ ಆರ್ಡರ್‌ಗೆ ಹೂಂ ಅನ್ನುವ ಮೊದಲು ನಿಮ್ಮನ್ನು ಕೇಳುತ್ತಾನೆ.

ಖರ್ಚಿನ ಮಾತಿಗೆ ಬಂದರೆ, ಮೊದಲ ದಿನವೇ ದೊಡ್ಡ ಪ್ಲ್ಯಾನ್ ಕೊಳ್ಳಬೇಡಿ. ಜೋಹೊ ಸಿಆರ್‌ಎಂ ಮೂರು ಜನರ ತನಕ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಒಂದು ಸೀಸನ್ ಓಡಿಸಿ, ಏನು ಸಾಲದು ಅನ್ನುವುದು ಆಮೇಲೆ ತಾನೇ ಗೊತ್ತಾಗುತ್ತದೆ.

ದುಡ್ಡು ಕೊಡುವ ಮುಂಚೆ ಇದನ್ನೂ ನೋಡಿ. ಅಕೌಂಟ್ ಯಾರ ಹೆಸರಲ್ಲಿದೆ? ಎಷ್ಟೋ ಕಡೆ ಸಾಫ್ಟ್‌ವೇರ್ ಹಾಕಿಕೊಟ್ಟವನ ಇಮೇಲ್, ಅವನದೇ ಮೊಬೈಲ್‌ಗೆ ಒಟಿಪಿ. ಅವನು ಫೋನ್ ಎತ್ತದ ದಿನ ನಿಮ್ಮ ಗಿರಾಕಿ ಪಟ್ಟಿ ನಿಮ್ಮದಲ್ಲ. ಮುಖ್ಯ ಅಕೌಂಟ್ ಮಾಲೀಕರ ನಂಬರಿನಲ್ಲೇ ಇರಲಿ, ನನ್ನಂಥವರಿಗೆ ಬೇರೆ ಲಾಗಿನ್ ಕೊಡಿ. ಸೇಲ್ಸ್ ಹುಡುಗರ ಲಾಗಿನ್‌ನಲ್ಲಿ ಎಕ್ಸ್‌ಪೋರ್ಟ್ ಬಂದ್ ಮಾಡಿ. ಕೆಲಸ ಬಿಟ್ಟು ಎದುರಿನ ಶೋರೂಂಗೆ ಸೇರುವ ಹಿಂದಿನ ರಾತ್ರಿ ಡೌನ್‌ಲೋಡ್ ಆಗುವುದು ಇದೇ ಪಟ್ಟಿ. ಗಿರಾಕಿಗಳ ಪಹಣಿ, ಆಧಾರ್ ಪ್ರತಿ ಅದರಲ್ಲಿದ್ದರೆ ವ್ಯಾಪಾರದ ನಷ್ಟದ ಜೊತೆ ಕಾನೂನಿನ ತಲೆನೋವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿ ತನಕ ಹೋಗಬಹುದು. ಸಾಲ ಮಂಜೂರಾಗಿ ಗಾಡಿ ಡೆಲಿವರಿ ಆದ ಮೇಲೆ ಆಧಾರ್ ಪ್ರತಿ ನಿಮಗೆ ಯಾಕೆ ಬೇಕು? ಅಳಿಸಿಬಿಡಿ.