ಹಳೆಯ ಮೋಟರ್‌ಸೈಕಲ್‌ಗಳ ಹೊಸ ಬಿಡಿಭಾಗಗಳು: ಅಳತೆ ತಪ್ಪಿದ್ದು ಎಲ್ಲಿ?

ಹಳೆಯ ಎಂಜಿನ್ ಬಿಚ್ಚಿ ಕಟ್ಟಿ ಪಳಗಿದವರು ವಾಲ್ವ್‌ಗಳನ್ನು ತೆರೆಯಿಸುವ ಉಬ್ಬುಗಳುಳ್ಳ ಹೊಸ ಕ್ಯಾಮ್‌ಶಾಫ್ಟ್ ಕೈಗೆ ಬಂದ ಕೂಡಲೇ ಅದನ್ನು ಒಳಗೆ ಕೂರಿಸುವುದಿಲ್ಲ. ಮೊದಲು ಸಣ್ಣದೊಂದು ಅರ ತೆಗೆದುಕೊಂಡು, ಕ್ಯಾಮ್‌ನ ಉಬ್ಬಿನ ಪಕ್ಕದ ಅಂಚಿನಲ್ಲಿ, ಉಬ್ಬಿನ ಮೇಲೆ ಉಜ್ಜಿ ಓಡುವ ಟ್ಯಾಪೆಟ್ ಎಂಬ ಭಾಗ ತಾಗದ ಕಡೆ, ಮೆಲ್ಲಗೆ ಒಮ್ಮೆ ಎಳೆದು ನೋಡುತ್ತಾರೆ. ಸರಿಯಾಗಿ ಹದ ಮಾಡಿದ ಉಕ್ಕಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿಹೋಗುತ್ತದೆ. ಹದ ಸಾಲದಿದ್ದರೆ ಕಚ್ಚಿಕೊಂಡು ಸಣ್ಣ ಪುಡಿ ಉದುರಿಸುತ್ತದೆ. ಪುಡಿ ಉದುರಿದ ಕ್ಯಾಮ್ ಬಂದ ಪೆಟ್ಟಿಗೆಗೇ ವಾಪಸ್ಸು ಹೋಗುತ್ತದೆ. ಈ ಕೆಲಸವನ್ನು ಒಂದು ಕಾಲದಲ್ಲಿ ಕಾರ್ಖಾನೆಯೊಳಗೆ, ಗಡಸುತನ ಅಳೆಯುವ ಯಂತ್ರದ ಮುಂದೆ ನಿಂತ ತಪಾಸಣೆಗಾರ ಮಾಡಿ ಮುಗಿಸಿರುತ್ತಿದ್ದ. ಆ ಹೊಣೆ ಅವನ ಬೆಂಚಿನಿಂದ ವಾಹನದ ಒಡೆಯನ ಬೆಂಚಿಗೆ ಹೇಗೆ ದಾಟಿತು ಎಂಬುದನ್ನು ಅರಿತರೆ, ವಿಂಟೇಜ್ ಮೋಟರ್‌ಸೈಕಲ್‌ಗಳ ಮರುತಯಾರಿಕೆ ಬಿಡಿಭಾಗಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಅರ್ಥವಾಗುತ್ತವೆ.

ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳೆಲ್ಲ ಒಂದೇ ಜಾತಿಯವಲ್ಲ. ಕಾರ್ಖಾನೆ ಬದುಕಿದ್ದಾಗಲೇ ತಯಾರಾಗಿ, ಮಾರಾಟವಾಗದೆ ಕಪಾಟಿನಲ್ಲಿ ಉಳಿದ ಹಳೆಯ ದಾಸ್ತಾನು ಒಂದು ಬಗೆ. ಮೂಲ ನಕ್ಷೆಗಳನ್ನು ಉಳಿಸಿಕೊಂಡವರು ಅವುಗಳ ಪ್ರಕಾರ ಇಂದಿಗೂ ಮಾಡಿಸುವ ಭಾಗಗಳು ಇನ್ನೊಂದು ಬಗೆ. ಮೂರನೆಯದು, ಕೈಗೆ ಸಿಕ್ಕ ಯಾವುದೋ ಒಂದು ಹಳೆಯ ಭಾಗವನ್ನು ಮಾದರಿಯಾಗಿಟ್ಟು ಮಾಡಿದ ನಕಲು. ಮೂರೂ ಅದೇ ಭಾಗಸಂಖ್ಯೆಯಡಿ, ಕೆಲವೊಮ್ಮೆ ಅದೇ ಹೆಸರಿನ ಪೆಟ್ಟಿಗೆಯಲ್ಲಿ ಮಾರಾಟವಾಗುವುದರಿಂದ, ಕೊಳ್ಳುವವನಿಗೆ ವ್ಯತ್ಯಾಸ ತಿಳಿಯುವುದು ಭಾಗವನ್ನು ಎಂಜಿನ್ನಿಗೆ ಹಾಕಿದ ನಂತರವೇ.

ಈ ಸಮಸ್ಯೆಯ ಬೇರು ಬ್ರಿಟಿಷ್ ಮೋಟರ್‌ಸೈಕಲ್ ಉದ್ಯಮದ ಕುಸಿತದಲ್ಲಿದೆ. ಎಜೆಎಸ್ ಮತ್ತು ಮ್ಯಾಚ್‌ಲೆಸ್ ತಯಾರಿಸುತ್ತಿದ್ದ ಅಸೋಸಿಯೇಟೆಡ್ ಮೋಟರ್ ಸೈಕಲ್ಸ್ ಸಂಸ್ಥೆ 1966ರಲ್ಲಿ ಮುಳುಗಿತು. ವೆಲೋಸೆಟ್ 1971ರಲ್ಲಿ ಬಾಗಿಲು ಹಾಕಿತು. ಬಿಎಸ್‌ಎ 1973ರಲ್ಲಿ ನಾರ್ಟನ್ ವಿಲಿಯರ್ಸ್ ಟ್ರಯಂಫ್ ಎಂಬ ಹೊಸ ಸಂಸ್ಥೆಯೊಳಗೆ ಕರಗಿಹೋಯಿತು. ಟ್ರಯಂಫ್‌ನ ಮೆರಿಡೆನ್ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ವಿರೋಧಿಸಿ ಅದೇ ವರ್ಷ ಕಾರ್ಮಿಕರು ಕಾರ್ಖಾನೆಯಲ್ಲೇ ಕುಳಿತರು, 1975ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಉತ್ಪಾದನೆ ಮುಂದುವರಿಸಿದರು, ಆದರೆ 1983ರಲ್ಲಿ ಅದೂ ದಿವಾಳಿಯಾಯಿತು. ಈ ತಯಾರಕರು ತಮ್ಮ ವಾಹನದ ಎಲ್ಲ ಭಾಗಗಳನ್ನೂ ತಾವೇ ಮಾಡುತ್ತಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಕಾರ್ಬೊರೇಟರ್ ಅಮಲ್‌ನದು, ವಿದ್ಯುತ್ ಸಾಮಗ್ರಿ ಲ್ಯೂಕಾಸ್‌ನದು, ಸ್ಪೀಡೋಮೀಟರ್ ಸ್ಮಿತ್ಸ್‌ನದು, ಚೈನು ರೆನಾಲ್ಡ್‌ನದು. ಸಾವಿರಗಟ್ಟಲೆ ಕೊಳ್ಳುವ ಗಿರಾಕಿ ಇಲ್ಲವಾದಾಗ ಪೂರೈಕೆದಾರರಿಗೂ ಆ ಭಾಗಗಳನ್ನು ಮಾಡುವ ಕಾರಣ ಉಳಿಯಲಿಲ್ಲ.

ಕುಸಿತದ ಬೆನ್ನಿಗೇ ಕೊರತೆಯೇನೂ ಕಾಣಿಸಲಿಲ್ಲ. ಗೋದಾಮುಗಳಲ್ಲೂ ಡೀಲರುಗಳ ಕಪಾಟುಗಳಲ್ಲೂ ಸರಕು ತುಂಬಿತ್ತು, ಹಳೆಯ ಮೋಟರ್‌ಸೈಕಲ್‌ಗಳನ್ನು ಕೇಳುವವರೂ ಕಡಿಮೆ ಇದ್ದರು. ದಾಸ್ತಾನು ಕರಗುತ್ತ ಬಂದ ಕಾಲಕ್ಕೇ ಅವುಗಳ ಬಗೆಗಿನ ಒಲವು ಹೆಚ್ಚಾದದ್ದು ಒಂದು ವಿಪರ್ಯಾಸ. ಆ ವೇಳೆಗೆ ಕಳೆದುಹೋಗಿದ್ದುದು ಯಂತ್ರಗಳಷ್ಟೇ ಆಗಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ಲೇತಿಗೆ ಹರಾಜಿನಲ್ಲಿ ಬೆಲೆ ಬರುತ್ತದೆ. ಒಂದೇ ಒಂದು ಭಾಗವನ್ನು ಪರೀಕ್ಷಿಸಲು ಮಾಡಿಸಿದ ಗೇಜಿಗೆ ಗುಜರಿಯ ತೂಕದ ಬೆಲೆ ಮಾತ್ರ. ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು ಎಂಬ ಸರಳ ನಿಯಮದ ಈ ಗೇಜುಗಳೇ ಆ ಕಾಲದ ಗುಣಮಟ್ಟದ ಬೆನ್ನೆಲುಬಾಗಿದ್ದವು. ಅವುಗಳ ಮೇಲೆ ಇನ್ನೊಂದು ಕಾವಲೂ ಇತ್ತು: ಜೋಡಣೆಯ ಸಾಲಿನಲ್ಲಿ ನಿಂತವನಿಗೆ ಭಾಗ ಕೂರದಿದ್ದರೆ ಇಡೀ ಪೆಟ್ಟಿಗೆಯೇ ಪೂರೈಕೆದಾರನಿಗೆ ವಾಪಸ್ಸಾಗುತ್ತಿತ್ತು.

ಈ ಕೊಂಡಿ ಕಡಿಯದ ಕಡೆಗಳಲ್ಲಿ ಪರಿಸ್ಥಿತಿ ಬೇರೆಯಾಗಿದೆ. ನಾರ್ಟನ್‌ನ ಕಮಾಂಡೊ ಮಾದರಿಯ ನಕ್ಷೆಗಳು ಆಂಡೋವರ್ ನಾರ್ಟನ್ ಸಂಸ್ಥೆಯ ಬಳಿ ಉಳಿದದ್ದರಿಂದ ಆ ಮಾದರಿಯ ಭಾಗಗಳು ನಕ್ಷೆಯ ಆಧಾರದಲ್ಲೇ ತಯಾರಾಗುತ್ತಿವೆ. ವಿನ್ಸೆಂಟ್ ಮೋಟರ್‌ಸೈಕಲ್‌ಗಳ ಉತ್ಪಾದನೆ 1955ರಲ್ಲೇ ನಿಂತಿದ್ದರೂ ಅವುಗಳ ಒಡೆಯರ ಸಂಘ 1975ರಲ್ಲಿ ತನ್ನದೇ ಬಿಡಿಭಾಗ ಕಂಪನಿ ಸ್ಥಾಪಿಸಿತು. ಮುಂದೆ ಹೊಸ ಭಾಗಗಳಿಂದಲೇ ಬ್ಲ್ಯಾಕ್ ಶ್ಯಾಡೋ ಮಾದರಿಯ ಒಂದು ಇಡೀ ವಿನ್ಸೆಂಟ್ ಕಟ್ಟಿ ತೋರಿಸುವ ಮಟ್ಟಕ್ಕೆ ಆ ಕಂಪನಿ ಬೆಳೆಯಿತು. ಇಲ್ಲಿ ಭಾಗ ಮಾಡಿಸುವವರೂ ಅದನ್ನು ತಮ್ಮ ವಾಹನಕ್ಕೆ ಹಾಕಿ ಓಡಿಸುವವರೂ ಅವರೇ. ನನ್ನ ದೃಷ್ಟಿಯಲ್ಲಿ ನಕ್ಷೆಗಿಂತಲೂ ದೊಡ್ಡ ಕಾರಣ ಇದೇ.

ಇನ್ನು ನಕ್ಷೆಯಿಲ್ಲದೆ ಮಾಡುವ ನಕಲಿನ ಕಥೆ. ಮಾದರಿಯಾಗಿ ಸಿಗುವುದು ಸಾಮಾನ್ಯವಾಗಿ ಸವೆದ ಭಾಗವೇ, ಏಕೆಂದರೆ ಸವೆಯದ ಭಾಗ ಇನ್ನೂ ಎಂಜಿನ್ನಿನೊಳಗೇ ಇರುತ್ತದೆ. ಒಂದು ಶಾಫ್ಟನ್ನೇ ತೆಗೆದುಕೊಳ್ಳಿ. ಅದನ್ನು ರೂಪಿಸಿದವನು ಇಂಚಿನಲ್ಲಿ ಯೋಚಿಸಿ ಮುಕ್ಕಾಲು ಇಂಚು, ಅಂದರೆ 19.05 ಮಿಲಿಮೀಟರ್ ಎಂದು ನಿಗದಿ ಮಾಡಿದ್ದ. ವರ್ಷಗಟ್ಟಲೆ ಓಡಿ ಸವೆದ ಅದೇ ಶಾಫ್ಟ್ ಇಂದು ಮೈಕ್ರೋಮೀಟರಿನಲ್ಲಿ 19.02 ತೋರಿಸುತ್ತದೆ. ಇಂಚಿನ ಲೆಕ್ಕ ತಿಳಿಯದ ನಕಲುಗಾರ, ಇದು 19 ಇರಬೇಕು, ಉಳಿದದ್ದು ಅಂದಿನವರ ಕೆಲಸದ ಒರಟುತನ ಎಂದುಕೊಂಡು 19.00 ಎಂದೇ ಬರೆದುಕೊಳ್ಳುತ್ತಾನೆ. ವ್ಯತ್ಯಾಸ 0.05 ಮಿಲಿಮೀಟರ್, ಸುಮಾರು ಒಂದು ತಲೆಗೂದಲಿನಷ್ಟು. ಆದರೆ ಶಾಫ್ಟ್ ತಿರುಗುವ ಅಷ್ಟು ಗಾತ್ರದ ಬುಷ್ ಎಂಬ ಲೋಹದ ಬಳೆಯಲ್ಲಿ ಎಣ್ಣೆಯ ಪದರಕ್ಕೆಂದು ಬಿಡುವ ಸಂದೇ ಸರಿಸುಮಾರು ಅಷ್ಟಿರುವುದರಿಂದ, ಹೊಚ್ಚಹೊಸ ಶಾಫ್ಟ್ ಮೊದಲ ದಿನವೇ ಮುದಿ ಶಾಫ್ಟಿನಂತೆ ಅಲುಗಾಡುತ್ತದೆ. ಮುಂದೊಂದು ದಿನ ಈ ನಕಲನ್ನೇ ಮಾದರಿಯಾಗಿಟ್ಟು ಇನ್ನೊಬ್ಬ ನಕಲು ಮಾಡಿದರೆ ತಪ್ಪಿನ ಮೇಲೆ ತಪ್ಪು ಕೂಡುತ್ತ ಹೋಗುತ್ತದೆ.

ಎರಕದ ಭಾಗಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೊಂದಿದೆ. ಕರಗಿದ ಅಲ್ಯೂಮಿನಿಯಂ ಗಟ್ಟಿಯಾಗಿ ತಣಿಯುವಾಗ ಸುಮಾರು ಶೇ 1.3ರಷ್ಟು ಕುಗ್ಗುತ್ತದೆ. ಅನುಭವಿ ಅಚ್ಚುಗಾರ ಅದಕ್ಕೆ ತಕ್ಕಂತೆ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾನೆ. ಹಾಗೆ ಮಾಡದೆ ಹಳೆಯ ಭಾಗವನ್ನೇ ನೇರವಾಗಿ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ, 200 ಮಿಲಿಮೀಟರ್ ಉದ್ದದ ಎಂಜಿನ್ ಮುಚ್ಚಳ ಎರಡೂವರೆ ಮಿಲಿಮೀಟರ್ ಗಿಡ್ಡವಾಗಿ ಹುಟ್ಟುತ್ತದೆ. ನೋಡಲು ಥೇಟ್ ಮೂಲದಂತೆಯೇ ಇರುತ್ತದೆ, ಒಂದು ತುದಿಯ ಸ್ಕ್ರೂ ಕೂರುತ್ತದೆ, ಇನ್ನೊಂದು ತುದಿಯ ರಂಧ್ರ ಮಾತ್ರ ಎದುರಿನ ರಂಧ್ರಕ್ಕೆ ಸಿಗುವುದಿಲ್ಲ. ಒಡೆಯ ರಂಧ್ರವನ್ನು ಅರದಿಂದ ಅಗಲ ಮಾಡಿ ಹೇಗೋ ಬಿಗಿಯುತ್ತಾನೆ, ಎಣ್ಣೆ ಸೋರತೊಡಗುತ್ತದೆ, ಬೈಗುಳ ಬ್ರಿಟಿಷ್ ಎಂಜಿನ್ನಿಗೆ ಬೀಳುತ್ತದೆ.

ಥ್ರೆಡ್ಡಿನ, ಅಂದರೆ ನಟ್ಟು ಬೋಲ್ಟುಗಳ ಸುರುಳಿ ಗೆರೆಯ ಗೊಂದಲ ಇನ್ನೂ ಮೋಸದ್ದು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್ಡಿನ ಕೋನ 55 ಡಿಗ್ರಿ, ಸೈಕಲ್ ಮತ್ತು ಮೋಟರ್‌ಸೈಕಲ್ ತಯಾರಕರು ಬಳಸಿದ ಸೈಕಲ್ ಥ್ರೆಡ್ಡಿನ ಕೋನ 60 ಡಿಗ್ರಿ. ಕಾಲು ಇಂಚಿನ ಗಾತ್ರದಲ್ಲಿ ವಿಟ್‌ವರ್ತ್ ಕುಟುಂಬದ ಸಣ್ಣ ಥ್ರೆಡ್ಡಿಗೂ ಸೈಕಲ್ ಥ್ರೆಡ್ಡಿಗೂ ಇಂಚಿಗೆ 26 ಸುತ್ತುಗಳೇ ಇರುವುದರಿಂದ, ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಸಲೀಸಾಗಿ ಹತ್ತುತ್ತದೆ. ಕೈಗೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಆದರೆ ಕೋನ ಬೇರೆಯಾದ ಕಾರಣ ಲೋಹ ಲೋಹವನ್ನು ಪೂರ್ತಿ ತಾಗದೆ ಅಂಚಿನಲ್ಲಷ್ಟೇ ಹಿಡಿದಿರುತ್ತದೆ. ಬಿಗಿಯುವಾಗಲೋ ನಾಲ್ಕು ದಿನ ಅದುರಿದ ಮೇಲೋ ಕಿತ್ತುಬರುತ್ತದೆ. ಬಿಎಸ್‌ಎ ಮತ್ತು ಟ್ರಯಂಫ್ 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲೂ ಚಾಲ್ತಿಯಲ್ಲಿದ್ದ ಯೂನಿಫೈಡ್ ಥ್ರೆಡ್ಡಿಗೆ ಹಂತಹಂತವಾಗಿ ಬದಲಾದದ್ದರಿಂದ, ಆ ಕೆಲವು ವರ್ಷಗಳ ಒಂದೇ ವಾಹನದಲ್ಲಿ ಎರಡು ಮೂರು ಪದ್ಧತಿಗಳು ಬೆರೆತಿವೆ. ಇಂಥ ವಾಹನದ ಬೋಲ್ಟನ್ನು ವಾಹನವನ್ನೇ ಕಾಣದವನು ನಕಲು ಮಾಡಿದರೆ ತಪ್ಪದೇ ಇದ್ದರೇ ಆಶ್ಚರ್ಯ.

ಅಳತೆಯ ತಪ್ಪನ್ನಾದರೂ ಕ್ಯಾಲಿಪರ್ ಹಿಡಿದು ಪತ್ತೆ ಮಾಡಬಹುದು. ಲೋಹದ ಒಳಗುಣ ಕಣ್ಣಿಗೆ ಕಾಣುವುದಿಲ್ಲ. ಸೈಲೆನ್ಸರಿನ ಹೊಳಪನ್ನು ನೋಡಿ ಕ್ರೋಮ್ ಚೆನ್ನಾಗಿದೆ ಎನ್ನುತ್ತೇವೆ. ನಿಜಕ್ಕೂ ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು, ತುಕ್ಕನ್ನು ತಡೆಯುವುದು ಅದರ ಕೆಳಗಿನ ನಿಕಲ್. ಮಳೆ ಬಿಸಿಲಿಗೆ ಒಡ್ಡಿಕೊಳ್ಳುವ ಉಕ್ಕಿಗೆ ಸುಮಾರು 30 ಮೈಕ್ರಾನ್ ನಿಕಲ್ ಬೇಕು. ನಿಕಲ್ ದುಬಾರಿ, ಅದನ್ನು ಹತ್ತಕ್ಕೆ ಇಳಿಸಿದರೂ ಅಂಗಡಿಯಲ್ಲಿ ಹೊಳಪು ಅಷ್ಟೇ ಇರುತ್ತದೆ. ಎರಡನೆಯ ಮಳೆಗಾಲಕ್ಕೆ ಕಂದು ಚುಕ್ಕೆಗಳು ಏಳುತ್ತವೆ. ಕ್ಯಾಮ್‌ನದೂ ಇದೇ ಪಾಡು: ಹೊರಮೈಯ ಗಟ್ಟಿ ಪದರ ತೆಳುವಾಗಿದ್ದರೆ ಅದು ಸವೆದು, ಒಳಗಿನ ಮೆದು ಉಕ್ಕು ಬಯಲಾಗಿ, ಉದುರಿದ ಲೋಹದ ಪುಡಿ ಎಣ್ಣೆಯ ಜೊತೆ ಎಂಜಿನ್ನಿನ ಉಳಿದ ಅಂಗಗಳಿಗೂ ಹರಡುತ್ತದೆ.

ಒಡೆಯರನ್ನು ಹೆಚ್ಚು ಗೋಳಾಡಿಸಿರುವ ಭಾಗವೆಂದರೆ ಬಹುಶಃ ಹೆಬ್ಬೆರಳು ಗಾತ್ರದ ಕಂಡೆನ್ಸರ್. ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಪಾಯಿಂಟ್ಸ್ ಎಂಬ ಸ್ವಿಚ್ ತೆರೆಯುವ ಕ್ಷಣದಲ್ಲಿ ಅಲ್ಲಿ ಕಿಡಿ ಹಾರದಂತೆ ತಡೆದು, ಸ್ಪಾರ್ಕ್ ಪ್ಲಗ್ಗಿನಲ್ಲಿ ಬಲವಾದ ಕಿಡಿ ಹುಟ್ಟುವಂತೆ ಮಾಡುವುದು ಅದರ ಕೆಲಸ. ಅದರ ಧಾರಣ ಶಕ್ತಿ ಸುಮಾರು 0.2 ಮೈಕ್ರೋಫ್ಯಾರಡ್. ಒಳಗೆ ಲೋಹದ ಹಾಳೆ ಮತ್ತು ನಿರೋಧಕ ಪಟ್ಟಿಯನ್ನು ಸುರುಳಿ ಸುತ್ತಿರುತ್ತಾರೆ. ಆ ಸುರುಳಿಯ ತುದಿಗೆ ತಂತಿಯನ್ನು ಬೆಸೆಯದೆ, ಬರೀ ಸ್ಪ್ರಿಂಗ್ ಒತ್ತಡದಲ್ಲಿ ತಾಗಿಸಿ ಡಬ್ಬಿ ಮುಚ್ಚಿದರೂ ಮೇಜಿನ ಮೇಲೆ ಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಎಂಜಿನ್ ಕಾದು ಅದುರತೊಡಗಿದಾಗ ಸಂಪರ್ಕ ತಪ್ಪುತ್ತದೆ. ವಾಹನ ದಾರಿಯಲ್ಲಿ ಮುಕ್ಕುರಿಸಿ ನಿಲ್ಲುತ್ತದೆ, ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ, ಅರ್ಧ ಗಂಟೆ ಆರಿದ ಮೇಲೆ ಒಂದೇ ಕಿಕ್ಕಿಗೆ ಎದ್ದು ನಿಲ್ಲುತ್ತದೆ. ಒಡೆಯ ಕಾರ್ಬೊರೇಟರ್ ಬಿಚ್ಚಿ ತೊಳೆಯುತ್ತಾನೆ, ಪೆಟ್ರೋಲ್ ಕೊಳಾಯಿ ಬದಲಿಸುತ್ತಾನೆ, ಪ್ಲಗ್ ಬದಲಿಸುತ್ತಾನೆ. ಹೊಸದಾಗಿ ಹಾಕಿದ ಕಂಡೆನ್ಸರಿನ ಮೇಲೆ ಮಾತ್ರ ಅನುಮಾನ ಬರುವುದಿಲ್ಲ.

ಎಲ್ಲ ದೋಷಕ್ಕೂ ತಯಾರಕನ ಜಿಪುಣತನವೇ ಕಾರಣವೆಂದರೆ ಅನ್ಯಾಯವಾಗುತ್ತದೆ. ಮೂಲ ನಕ್ಷೆ ಹೇಳುವ ಕೆಲವು ವಸ್ತುಗಳನ್ನು ಇಂದು ಬಳಸುವಂತೆಯೇ ಇಲ್ಲ. ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್ ಮತ್ತು ಗ್ಯಾಸ್ಕೆಟ್‌ಗಳಲ್ಲಿದ್ದ ಕಲ್ನಾರನ್ನು (ಆಸ್ಬೆಸ್ಟಾಸ್) ಬ್ರಿಟನ್ 1999ರಲ್ಲಿ ಸಂಪೂರ್ಣವಾಗಿ ನಿಷೇಧಿಸಿತು. ವಾಹನಗಳ ಸೀಸಯುಕ್ತ ಪೆಟ್ರೋಲ್ 2021ರಲ್ಲಿ ಜಗತ್ತಿನ ಕೊನೆಯ ಬಂಕುಗಳಿಂದಲೂ ಮರೆಯಾಯಿತು, ಸೀಸ ಕೊಡುತ್ತಿದ್ದ ರಕ್ಷಣೆ ತಪ್ಪಿದ್ದರಿಂದ ಎರಕದ ಕಬ್ಬಿಣದ ಹೆಡ್‌ಗಳ ವಾಲ್ವ್ ಸೀಟುಗಳಿಗೆ ಹಿಂದಿಗಿಂತ ಗಟ್ಟಿಯಾದ ಲೋಹ ಬೇಕಾಯಿತು. ಪೆಟ್ರೋಲಿಗೆ ಎಥನಾಲ್ ಬೆರೆತ ಮೇಲೆ ಹಳೆಯ ಬಗೆಯ ರಬ್ಬರ್ ಕೊಳವೆಗಳು ಊದಿಕೊಂಡು ಬಿರಿದವು, 1960–70ರ ದಶಕಗಳ ಫೈಬರ್‌ಗ್ಲಾಸ್ ಟ್ಯಾಂಕುಗಳ ಒಳಮೈ ಮೆತ್ತಗಾಗಿ ಕರಗಿ ಕಾರ್ಬೊರೇಟರಿಗೆ ಇಳಿಯಿತು. ಇಂಥಲ್ಲಿ ಮೂಲಕ್ಕೆ ನಿಷ್ಠವಾದ ನಕಲೇ ಕೆಟ್ಟ ಭಾಗ. ಹಳೆಯ ದಾಸ್ತಾನೆಂದು ಹೆಚ್ಚು ಬೆಲೆ ಕೊಟ್ಟು ತಂದ ಆಯಿಲ್ ಸೀಲ್ ಕೂಡ ಪೆಟ್ಟಿಗೆಯಲ್ಲೇ ಐವತ್ತು ವರ್ಷ ಮುದಿಯಾಗಿರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಹಳೆಯದೆಲ್ಲ ಚಿನ್ನವೂ ಆಗಿರಲಿಲ್ಲ. 1967ರಲ್ಲಿ ಬಂದ ಅಮಲ್ ಕನ್ಸೆಂಟ್ರಿಕ್ ಕಾರ್ಬೊರೇಟರಿನಲ್ಲಿ ಒಂದೇ ಬಗೆಯ ಸತುವಿನ ಮಿಶ್ರಲೋಹದ ಸ್ಲೈಡೂ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ) ಒಡಲೂ ಪರಸ್ಪರ ಉಜ್ಜಿ ಬೇಗ ಸವೆಯುತ್ತಿದ್ದವು. ಈಗ ಅದರ ಪ್ರೀಮಿಯರ್ ಮಾದರಿ ಗಟ್ಟಿ ಲೇಪನದ ಅಲ್ಯೂಮಿನಿಯಂ ಸ್ಲೈಡಿನೊಂದಿಗೆ ಬರುತ್ತಿದೆ. ಈ ವಿಷಯದಲ್ಲಿ ಮರುತಯಾರಿಕೆ ಮೂಲವನ್ನು ಮೀರಿಸಿದೆ.

ಹಾಗಿದ್ದರೂ ಕಳಪೆ ಸರಕು ಮಾರುಕಟ್ಟೆಯಲ್ಲಿ ಏಕೆ ಉಳಿಯುತ್ತದೆ? ಬೇಡಿಕೆ ನೂರಿನ್ನೂರು ತುಣುಕುಗಳದ್ದು, ಅಚ್ಚಿನ ಖರ್ಚು ಸಾವಿರಾರು ತುಣುಕುಗಳಿಗೆ ಹಂಚಬೇಕಾದಷ್ಟು. ಹಾಗಾಗಿ ಒಮ್ಮೆ ಮಾಡಿಸಿದ ಸರಕನ್ನು ವರ್ಷಗಟ್ಟಲೆ ಮಾರುತ್ತಾರೆ, ದೋಷ ಗೊತ್ತಾದರೂ ಆ ರಾಶಿ ಮುಗಿಯುವವರೆಗೆ ತಿದ್ದುವವರಿಲ್ಲ. ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ ಎಂದು ಕೈ ಬದಲಾಗುವ ಸರಪಳಿಯಲ್ಲಿ ದೂರು ಮೇಲಕ್ಕೆ ಹತ್ತುವುದೇ ಅಪರೂಪ. ಅಂಗಡಿಯವನು ಬೇರೊಂದು ತುಣುಕು ಕೊಟ್ಟು ವಿಷಯ ಮುಗಿಸುತ್ತಾನೆ, ಕೆಟ್ಟ ಎಂಜಿನ್ನಿನ ಖರ್ಚು ಒಡೆಯನ ತಲೆಗೇ ಬರುತ್ತದೆ. ಇನ್ನೊಂದು ಕಾರಣವನ್ನು ಹವ್ಯಾಸಿಗಳು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಈ ವಾಹನಗಳಲ್ಲಿ ಬಹಳಷ್ಟು ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಕೂಡ ಓಡುವುದಿಲ್ಲ. ಐದು ಸಾವಿರ ಕಿಲೋಮೀಟರಿಗೆ ಸೋಲುವ ಭಾಗ ಅಂಥ ವಾಹನದಲ್ಲಿ ಹತ್ತು ವರ್ಷ ಬಾಳುತ್ತದೆ, ಅದನ್ನು ಕೊಂಡವನು ಸಂತೃಪ್ತ ಗಿರಾಕಿಯಾಗಿ ಲೆಕ್ಕಕ್ಕೆ ಸೇರುತ್ತಾನೆ.

ಪೆಟ್ಟಿಗೆಯ ಮೇಲಿನ ಹೆಸರೂ ಈಗ ಸಾಕ್ಷಿಯಾಗಿ ನಿಲ್ಲದು. ಲ್ಯೂಕಾಸ್ 1996ರಲ್ಲಿ ವ್ಯಾರಿಟಿ ಕಂಪನಿಯೊಂದಿಗೆ ಸೇರಿ, 1999ರಲ್ಲಿ ಟಿಆರ್‌ಡಬ್ಲ್ಯೂ ಕಂಪನಿಯ ಪಾಲಾಯಿತು. ಹೆಸರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುವ, ಪರವಾನಗಿಯ ಮೇಲೆ ಸಾಗುವ ಆಸ್ತಿ. ಅದರೊಂದಿಗೆ ಗೇಜುಗಳೂ ತಪಾಸಣೆಗಾರನೂ ಸಾಗಿಬರಬೇಕೆಂಬ ನಿಯಮವೇನಿಲ್ಲ.

ಮೂರು ಆಯಾಮದ ಸ್ಕ್ಯಾನರ್ ಮತ್ತು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದ ಮೇಲೆ ಇಪ್ಪತ್ತು ಮೂವತ್ತು ತುಣುಕುಗಳನ್ನಷ್ಟೇ ಮಾಡಿಸುವುದೂ ಸಾಧ್ಯವಾಗಿದೆ, ಆ ಮಟ್ಟಿಗೆ ಪರಿಸ್ಥಿತಿ ಸುಧಾರಿಸಿದೆ. ಆದರೆ ಸ್ಕ್ಯಾನರ್ ತನ್ನ ಮುಂದಿಟ್ಟ ಸವೆತವನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸುತ್ತದೆ, ಆ 19.02ರ ಹಿಂದೆ ಮುಕ್ಕಾಲು ಇಂಚು ಅಡಗಿದೆ ಎಂದು ಗುರುತಿಸಬೇಕಾದವನು ಮನುಷ್ಯನೇ. ಈ ಕಾರಣಕ್ಕೆ, ಕೆಲಸ ಬಲ್ಲವರು ಬಿಚ್ಚಿ ತೆಗೆದ ಹಳೆಯ ಭಾಗವನ್ನು ಗುಜರಿಗೆ ಹಾಕದೆ, ವಾಹನದ ಮಾದರಿ ಮತ್ತು ವರ್ಷ ಬರೆದ ಚೀಟಿ ಕಟ್ಟಿ, ಎಣ್ಣೆ ಸವರಿ ಎತ್ತಿಡುತ್ತಾರೆ. ಎಷ್ಟೇ ಸವೆದ ಶಾಫ್ಟಿನಲ್ಲೂ ಬೇರಿಂಗ್ ತಾಗದ ಬೆರಳಗಲದ ಜಾಗವೊಂದು ಇರುತ್ತದೆ. ಮೈಕ್ರೋಮೀಟರ್ ಇಡಬೇಕಾದದ್ದು ಅಲ್ಲಿ.