68 ಕಂಬ, ಒಂದೇ ಕಾಂಪೊನೆಂಟ್: ಫೋನ್ ಯಾಕೆ ತಡವರಿಸುತ್ತದೆ?

ಪ್ರಶ್ನೆ: ನಾನು ಕೊಪ್ಪಳದವನು. ಇಟಗಿ ಮಹಾದೇವ ಗುಡಿಯ ಮಂಟಪವನ್ನು ಬ್ರೌಸರ್‌ನಲ್ಲೇ ತಿರುಗಿಸಿ ನೋಡುವ ಹಾಗೆ ರಿಯಾಕ್ಟ್ ತ್ರೀ ಫೈಬರ್‌ನಲ್ಲಿ (3ಡಿ ಚಿತ್ರ ಬಿಡಿಸುವ ತ್ರೀ ಜೆಎಸ್ ಲೈಬ್ರರಿಯನ್ನು ರಿಯಾಕ್ಟ್‌ನಿಂದ ಬಳಸುವ ಸಾಧನ) ಮಾಡುತ್ತಿದ್ದೇನೆ. ಕಂಬಕ್ಕೆ ಒಂದು ಕಾಂಪೊನೆಂಟ್ (ಮತ್ತೆ ಮತ್ತೆ ಬಳಸುವ ಕೋಡ್ ತುಣುಕು) ಬರೆದು 68 ಸಲ ಬಳಸಿದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ, ಫೋನ್‌ನಲ್ಲಿ ತಡವರಿಸುತ್ತದೆ. ಎಲ್ಲಿ ತಪ್ಪಿದೆ?

ಕಾಂಪೊನೆಂಟ್ ಮಾಡಿದ್ದು ಸರಿಯಾಗಿಯೇ ಇದೆ. ಅದರಿಂದ ಉಳಿದದ್ದು ನಿಮ್ಮ ಶ್ರಮ, ಫೋನಿನದಲ್ಲ. ನೀವು ಬರೆಯುವ ಒಂದೊಂದು ಟ್ಯಾಗೂ ಒಳಗೆ ತ್ರೀ ಜೆಎಸ್‌ನ ಒಂದೊಂದು ವಸ್ತುವಾಗುತ್ತದೆ. ಕಂಬಕ್ಕೆ ಪೀಠ, ಕಾಂಡ, ಬೋದಿಗೆ ಅಂತ ಮೂರು ಭಾಗ ಇದ್ದರೆ, ಒಂದು ಫ್ರೇಮ್‌ಗೆ 204 ಡ್ರಾ ಕಾಲ್, ಅಂದರೆ ‘ಇದನ್ನು ಬಿಡಿಸು’ ಅಂತ ಗ್ರಾಫಿಕ್ಸ್ ಚಿಪ್‌ಗೆ ಕೊಡುವ ಆದೇಶ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಸಾಮಾನ್ಯ ಫೋನ್ ಸುಸ್ತಾಗಬಹುದು.

ಮೊದಲು ಕಾಂಡವನ್ನು ನೋಡೋಣ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದು. ಆ ಕಂಬಗಳ ಬಳೆಯಂಥ ಸುತ್ತುಗಳ ಮೇಲೆ ಬೆರಳಾಡಿಸಿ ನೋಡಿ, ಲೇತ್‌ನಲ್ಲಿ (ತಿರುಗಿಸುತ್ತ ಕಡೆಯುವ ಯಂತ್ರ) ಕಡೆದ ನುಣುಪು. ತ್ರೀ ಜೆಎಸ್‌ನಲ್ಲೂ ಲೇತ್‌ಜಾಮೆಟ್ರಿ ಅಂತಲೇ ಇದೆ! ಕಂಬದ ಒಂದು ಬದಿಯ ಅಂಚನ್ನು ಬಿಂದುಗಳಾಗಿ ಕೊಟ್ಟರೆ ಸಾಕು, ಅದನ್ನೇ ಸುತ್ತ ತಿರುಗಿಸಿ ಕಾಂಡ ಮಾಡಿಕೊಡುತ್ತದೆ. ಸುತ್ತಿನ ಭಾಗಗಳು ಸುಮ್ನೆ ಬಿಟ್ಟರೆ 12, ಮೂಲೆ ಕಾಣುತ್ತದೆ. ಫೋನಿಗೆ 32 ಸಾಕು. 128 ಕೊಟ್ಟರೆ ಭಾರ ಜಾಸ್ತಿ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ಮುಖ್ಯ ಮಾತು. ಒಂದೇ ಆಕಾರದ ಭಾಗಗಳನ್ನೆಲ್ಲ ಒಂದು ಇನ್‌ಸ್ಟನ್ಸ್ಡ್‌ಮೆಶ್‌ಗೆ (ಒಂದೇ ವಸ್ತುವಿನ ಹಲವು ಪ್ರತಿಗಳನ್ನು ಒಟ್ಟಿಗೆ ಬಿಡಿಸುವ ವಸ್ತು) ಕೊಡಿ. ಆಕಾರ ಒಂದು, ಮೆಟೀರಿಯಲ್ (ಮೇಲ್ಮೈಯ ಬಣ್ಣ, ಹೊಳಪು) ಒಂದು. ಪ್ರತಿ ಕಂಬಕ್ಕೂ ಬೇರೆಯಾಗುವುದು ಅದರ ಜಾಗ ಮಾತ್ರ. ಎಷ್ಟೇ ಕಂಬ ಇರಲಿ, ಒಂದು ಭಾಗಕ್ಕೆ ಒಂದೇ ಡ್ರಾ ಕಾಲ್. ಆದರೆ ಇಟಗಿಯಲ್ಲಿ ನೆಲದಿಂದ ಏಳುವ ಕಂಬ ಬೇರೆ, ಕಕ್ಷಾಸನದ (ಮಂಟಪದ ಅಂಚಿನ ಕಲ್ಲಿನ ಆಸನ) ಮೇಲೆ ನಿಂತ ಗಿಡ್ಡ ಕಂಬ ಬೇರೆ ಅಲ್ವಾ? ಅವನ್ನು ಎರಡು ಗುಂಪು ಮಾಡಿ. ಎರಡು ಗುಂಪು, ತಲಾ ಮೂರು ಭಾಗ: 204 ಇದ್ದದ್ದು ಆರಕ್ಕೆ ಇಳಿಯುತ್ತದೆ. ಯಾವ ಕಂಬ ಒತ್ತಿದರು ಅನ್ನುವುದೂ ಕೈತಪ್ಪುವುದಿಲ್ಲ, ಕ್ಲಿಕ್ ಜೊತೆಗೆ ಇನ್‌ಸ್ಟನ್ಸ್‌ಐಡಿ (ಆ ಪ್ರತಿಯ ಸಂಖ್ಯೆ) ಬರುತ್ತದೆ.

ಇನ್ನೊಂದನ್ನು ಹುಡುಕಿ ನೋಡಿ. ಪ್ರತಿ ಫ್ರೇಮ್‌ಗೂ ಓಡುವ ಯೂಸ್‌ಫ್ರೇಮ್ ಒಳಗೆ ಸೆಟ್‌ಸ್ಟೇಟ್ (ರಿಯಾಕ್ಟ್‌ನ ಸ್ಥಿತಿ ಬದಲಿಸುವ ಕರೆ) ಕರೆದಿದ್ದೀರಾ? ಹಾಗಿದ್ದರೆ ರಿಯಾಕ್ಟ್ ಪ್ರತಿ ಫ್ರೇಮ್‌ಗೂ ಆ ಕಾಂಪೊನೆಂಟನ್ನು ಮತ್ತೆ ರೆಂಡರ್ ಮಾಡುತ್ತದೆ. ಅದರ ಬದಲು ರೆಫ್ (ವಸ್ತುವನ್ನು ನೇರ ಮುಟ್ಟುವ ಹಿಡಿಕೆ) ಹಿಡಿದು ವಸ್ತುವನ್ನೇ ನೇರ ತಿರುಗಿಸಿ.

ಬದಲಾಯಿಸುವ ಮೊದಲು ರೆಂಡರರ್‌ನ ಇನ್ಫೋದಲ್ಲಿ ಕಾಲ್ಸ್ (ಡ್ರಾ ಕಾಲ್ ಎಣಿಕೆ) ಎಷ್ಟಿದೆ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಫೋನ್‌ನಲ್ಲಿ ಮತ್ತೆ ನೋಡಿ. ನೆರಳು ಹಾಕಿದ್ದರೆ ಫೋನಿನ ಕೆಲಸ ಇನ್ನಷ್ಟು ಏರಿರುತ್ತದೆ, ಅದನ್ನು ತೆಗೆದೇ ಹೋಲಿಸಿ.